ಮೈಕ್ರೋಮೀಟರ್ ಹಿಡಿದ ಮೂರು ಕೈ, ಮೂರು ಅಳತೆ: ಗೇಜ್ ಆರ್ ಅಂಡ್ ಆರ್ ಮಾಡಿದ ನನ್ನ ಅನುಭವ

ನಮ್ಮದು ಹುಬ್ಬಳ್ಳಿಯ ಗೋಕುಲ ರೋಡ್ ಕೈಗಾರಿಕಾ ವಸಾಹತಿನಲ್ಲಿರುವ ಸಣ್ಣ ಮಷೀನ್ ಶಾಪ್. ವಾಲ್ವ್‌ಗೆ ಬೇಕಾದ ಸ್ಟೆಮ್ (ವಾಲ್ವ್ ತೆರೆದು ಮುಚ್ಚುವ ದುಂಡು ಸರಳು) ಮಾಡಿ ಕೊಡುತ್ತೇವೆ. ಅಲ್ಲಿ ಕ್ವಾಲಿಟಿ ನನ್ನ ಜವಾಬ್ದಾರಿ.

ಒಂದು ಏಪ್ರಿಲ್‌ನಲ್ಲಿ ಕಸ್ಟಮರ್ ಕಡೆಯಿಂದ 46 ಸ್ಟೆಮ್ ವಾಪಸ್ ಬಂದವು. ದಪ್ಪ ಜಾಸ್ತಿ ಇದೆ ಅಂತ ಚೀಟಿ. ನಮ್ಮ ಇನ್ಸ್‌ಪೆಕ್ಷನ್ ಶೀಟ್ ತೆಗೆದು ನೋಡಿದರೆ ಎಲ್ಲವೂ ಓಕೆ. ಡ್ರಾಯಿಂಗ್‌ನಲ್ಲಿ ವ್ಯಾಸ 20 ಎಫ್8. ಅಂದರೆ 19.947ರಿಂದ 19.980 ಮಿ.ಮೀ. ಒಳಗೆ ಬರಬೇಕು. ಒಟ್ಟು ಟಾಲರೆನ್ಸ್, ಅಂದರೆ ಬಿಟ್ಟುಕೊಟ್ಟ ಅಂತರ, 33 ಮೈಕ್ರಾನ್ (1 ಮೈಕ್ರಾನ್ ಅಂದರೆ ಮಿ.ಮೀ.ನ ಸಾವಿರದ ಒಂದು ಭಾಗ).

ವಾಪಸ್ ಬಂದ ಪೀಸ್‌ಗಳನ್ನು ಮತ್ತೆ ಅಳೆಸಿದೆ. ಬೆಳಗಿನ ಶಿಫ್ಟ್‌ನವರು ಓಕೆ ಅಂದರು. ಅದೇ ಪೀಸ್‌ಗಳಲ್ಲಿ ಅರ್ಧದಷ್ಟನ್ನು ಎರಡನೇ ಶಿಫ್ಟ್‌ನವರು ದಪ್ಪ ಅಂದರು. ಆಗ ನನಗೆ ಇನ್ನೊಂದು ವಿಷಯ ಹೊಳೆಯಿತು. ಎಷ್ಟೋ ವಾರದಿಂದ ಬೆಳಗಿನವರು ಸಿಎನ್‌ಸಿ ಲೇಥ್‌ನ ಆಫ್‌ಸೆಟ್ಟನ್ನು (ಟೂಲ್ ಎಷ್ಟು ದಪ್ಪಕ್ಕೆ ಕತ್ತರಿಸಬೇಕು ಅನ್ನುವ ಸೆಟ್ಟಿಂಗ್) 5 ಮೈಕ್ರಾನ್ ಹೆಚ್ಚಿಸುತ್ತಿದ್ದರು, ಸಂಜೆಯವರು ಬಂದು 5 ಇಳಿಸುತ್ತಿದ್ದರು. ಲೇಥ್ ಸರಿ ಇಲ್ಲ, ಬೇರಿಂಗ್ ಹೋಗಿದೆ ಅಂತ ಇಬ್ಬರದೂ ದೂರು. ಲೇಥ್‌ನಲ್ಲಿ ಪೀಸ್ ತಿರುಗಿಸುವ ಸ್ಪಿಂಡಲ್ ಬಿಚ್ಚಿಸಲು ಮಾಲೀಕರು ಕೊಟೇಶನ್ ಕೂಡ ತರಿಸಿದ್ದರು. ನಾನು ಒಂದು ವಾರ ತಡೆಯಿರಿ ಅಂತ ಕೇಳಿಕೊಂಡೆ.

ದಪ್ಪ ಅಳೆಯುವ ನಮ್ಮ ಮೈಕ್ರೋಮೀಟರ್‌ಗೆ ಕ್ಯಾಲಿಬ್ರೇಶನ್ ಸರ್ಟಿಫಿಕೇಟ್ ಇತ್ತು, ಅವಧಿಯೂ ಮುಗಿದಿರಲಿಲ್ಲ. ಇಲ್ಲೇ ನಮ್ಮಂಥ ಬಹಳ ಜನ ನೆಮ್ಮದಿಯಾಗಿ ಕೂತುಬಿಡುತ್ತೇವೆ. 20 ಡಿಗ್ರಿ ತಂಪಿನ ಲ್ಯಾಬ್‌ನಲ್ಲಿ, ಪಳಗಿದ ಕೈಯಲ್ಲಿ, ಸ್ಲಿಪ್ ಗೇಜ್ (ನಿಖರ ಅಳತೆಯ ಉಕ್ಕಿನ ತುಂಡು) ಇಟ್ಟಾಗ ಆ ಉಪಕರಣ ಸರಿಯಾಗಿ ತೋರಿಸಿತು ಅಂತಷ್ಟೇ ಆ ಕಾಗದ ಹೇಳುತ್ತದೆ. ನಮ್ಮ ಶೆಡ್‌ನ 38 ಡಿಗ್ರಿಯಲ್ಲಿ, ಎಣ್ಣೆ ಕೈಯಲ್ಲಿ, ಮೂರು ಬೇರೆ ಬೇರೆ ಜನರ ಹತ್ತಿರ ಅದು ಏನು ತೋರಿಸುತ್ತದೆ ಅನ್ನುವುದನ್ನು ನಾವೇ ನೋಡಿಕೊಳ್ಳಬೇಕು. ಅದಕ್ಕೆ ಇರುವ ದಾರಿಯೇ ಗೇಜ್ ಆರ್ ಅಂಡ್ ಆರ್. ಒಬ್ಬನೇ ಮನುಷ್ಯ ಅದೇ ಪೀಸನ್ನು ಮತ್ತೆ ಮತ್ತೆ ಅಳೆದಾಗ ಬರುವ ವ್ಯತ್ಯಾಸ ರಿಪೀಟೆಬಿಲಿಟಿ. ಜನ ಬದಲಾದಾಗ ಬರುವ ವ್ಯತ್ಯಾಸ ರಿಪ್ರೊಡ್ಯೂಸಿಬಿಲಿಟಿ.

ವಾಹನ ಉದ್ಯಮದವರ ಎಂಎಸ್‌ಎ (ಅಳತೆ ವ್ಯವಸ್ಥೆಯ ವಿಶ್ಲೇಷಣೆ) ಕೈಪಿಡಿಯ 4ನೇ ಆವೃತ್ತಿ 2010ರಲ್ಲಿ ಬಂದಿದೆ. ನಾನು ಅದರ ಪದ್ಧತಿಯನ್ನೇ ಹಿಡಿದೆ. 10 ಪೀಸ್, 3 ಜನ, ಒಬ್ಬೊಬ್ಬರು 3 ಸಲ. ಒಟ್ಟು 90 ಅಳತೆ. ಹೇಳೋದು ಸುಲಭ ಅಲ್ವಾ? ನಾನು ಮೊದಲ ಸಲ ಮಾಡಿದ್ದು ಪೂರ್ತಿ ತಪ್ಪಾಯಿತು.

ಮಷೀನ್ ಪಕ್ಕದ ಟ್ರೇಯಿಂದ ಸಾಲಾಗಿ 10 ಪೀಸ್ ಎತ್ತಿಕೊಂಡೆ. ಪೀಸ್ ಮೇಲೆ 1ರಿಂದ 10 ಅಂತ ನಂಬರ್ ಬರೆದೆ. ಒಂದೇ ಶೀಟ್‌ನಲ್ಲಿ ಮೂವರ ಕಾಲಂ ಹಾಕಿ ಕೊಟ್ಟೆ. ಸಂಜೆಗೆ ಲೆಕ್ಕ ಹಾಕಿದರೆ ಅಳತೆಯ ವ್ಯತ್ಯಾಸ ಟಾಲರೆನ್ಸ್‌ನ ಶೇ. 4 ಬಂತು. ಶೇ. 10ರ ಒಳಗಿದ್ದರೆ ಉತ್ತಮ ಅನ್ನುವುದು ನಿಯಮ. ಎಲ್ಲರಿಗೂ ಖುಷಿ. ನನಗೆ ಮಾತ್ರ ಸಮಾಧಾನವಾಗಲಿಲ್ಲ. ಇಷ್ಟು ಚೆನ್ನಾಗಿ ಅಳೆಯುವವರು ಆ 46 ಪೀಸ್ ಮೇಲೆ ಯಾಕೆ ಜಗಳವಾಡಿದರು? ಶೀಟ್ ಮತ್ತೆ ನೋಡಿದೆ. ಎರಡನೆಯವರು ಬರೆಯುವಾಗ ಮೊದಲಿನವರ ಅಂಕಿ ಕಣ್ಣ ಮುಂದೆಯೇ ಇತ್ತು. ಯಾರೂ ಬೇಕಂತ ಮೋಸ ಮಾಡಿರಲಿಲ್ಲ. ಪಕ್ಕದಲ್ಲಿ 19.968 ಅಂತ ಕಂಡರೆ, ನಮ್ಮ ಮೈಕ್ರೋಮೀಟರ್ 19.972 ತೋರಿಸಿದಾಗ ಕೈ ತಾನಾಗಿ ಇನ್ನೊಂದಿಷ್ಟು ಬಿಗಿ ಮಾಡುತ್ತದೆ. ಮನುಷ್ಯನ ಸ್ವಭಾವ ಅದು. ಶೀಟ್ ಮಾಡಿದವನು ನಾನು, ಹಾಗಾಗಿ ತಪ್ಪೂ ನನ್ನದೇ.

ಎರಡನೇ ಸಲ ಎಲ್ಲ ಬದಲಿಸಿದೆ. ಪೀಸ್‌ಗಳನ್ನು ಒಂದೇ ದಿನ ಎತ್ತಲಿಲ್ಲ. ಐದು ದಿನ, ಎರಡೂ ಶಿಫ್ಟ್, ಹೊಸ ಟೂಲ್ ಹಾಕಿದಾಗ, ಸವೆದ ಟೂಲ್ ಇದ್ದಾಗ, ಹೀಗೆ ಕೂಡಿಸಿದೆ. ಸಣ್ಣದರಿಂದ ದಪ್ಪದವರೆಗೆ ನಮ್ಮ ಮಷೀನ್ ನಿಜವಾಗಿ ಏನೇನು ಮಾಡುತ್ತದೋ ಅದೆಲ್ಲ ಆ ಹತ್ತರಲ್ಲಿ ಇರಬೇಕು. ಇಲ್ಲದಿದ್ದರೆ ಅಳತೆಯ ವ್ಯತ್ಯಾಸವನ್ನು ಒಟ್ಟು ವ್ಯತ್ಯಾಸಕ್ಕೆ (ಪೀಸ್‌ಗಳದೂ ಅಳತೆಯದೂ ಸೇರಿದ್ದು) ಹೋಲಿಸುವ ಲೆಕ್ಕಕ್ಕೆ ಅರ್ಥವೇ ಇರುವುದಿಲ್ಲ. ನಂಬರನ್ನು ಪೀಸ್‌ನ ತಲೆಯ ಮೇಲೆ ಬರೆದು ಟೇಪ್ ಅಂಟಿಸಿದೆ. ಯಾವ ಪೀಸ್ ಯಾರಿಗೆ ಯಾವಾಗ ಕೊಡಬೇಕು ಅಂತ ಚೀಟಿ ಎತ್ತಿ ನಿರ್ಧರಿಸಿದೆ. ಅಳೆಯುವವರು ಅಂಕಿ ಹೇಳಬೇಕು, ಬರೆಯುವವನು ನಾನೊಬ್ಬನೇ.

ಮೂವರನ್ನೂ ದಿನಾ ಅಳೆಯುವವರಿಂದಲೇ ಆರಿಸಿದೆ. ಒಬ್ಬರು ಎಲ್ಲರೂ ಕಾಕಾ ಅಂತ ಕರೆಯುವ ಹಿರಿಯರು, ಬೆಳಗಿನ ಶಿಫ್ಟ್‌ನವರು. ಇನ್ನೊಬ್ಬಳು ಐಟಿಐ ಮುಗಿಸಿ ಬಂದ ಹುಡುಗಿ, ಎರಡನೇ ಶಿಫ್ಟ್. ಮತ್ತೊಬ್ಬ ಡಿಪ್ಲೊಮಾ ಹುಡುಗ.

ಕಾಕಾಗೆ ಇದು ಸ್ವಲ್ಪವೂ ಹಿಡಿಸಲಿಲ್ಲ. "ಏನ್ರಿ ಸರ, ನಮ್ಮ ಕೈ ಮ್ಯಾಲ ನಂಬಿಕಿ ಹೋತೇನು?" ಅಂದರು. ಅವರ ಕಣ್ಣಲ್ಲಿ ನಿಜವಾದ ನೋವಿತ್ತು. ನಾನು ಪಕ್ಕ ಕೂತು ಚಹಾ ತರಿಸಿ ಹೇಳಿದೆ, "ಕಾಕಾ, ಇದು ನಿಮ್ಮ ಪರೀಕ್ಷೆ ಅಲ್ಲ. ಮೈಕ್ರೋಮೀಟರ್, ಕೈ, ಪೀಸ್, ಜಾಗ ಎಲ್ಲ ಸೇರಿದ ಅಳತೆಯ ಪರೀಕ್ಷೆ." ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಅವರೇ ಹೇಳಿದರು, "ಸೇರಿನಾಗ ಜ್ವಾಳ ಅಳದಂಗ ಅನ್ರಿ. ತುಳುಕುವಂಗ ತುಂಬಿ ಕೊಟ್ರ ಒಂದ್ ಲೆಕ್ಕ, ಕೈಲೆ ಸವರಿ ಕೊಟ್ರ ಇನ್ನೊಂದ್ ಲೆಕ್ಕ. ಸೇರು ಅದ ಇರ್ತದ." ಆಮೇಲೆ ಹೊಸಬರಿಗೆ ರಿಪ್ರೊಡ್ಯೂಸಿಬಿಲಿಟಿ ಹೇಳಿಕೊಡುವಾಗ ನಾನು ಇದೇ ಮಾತು ಹೇಳುತ್ತಿದ್ದೇನೆ.

90 ಅಳತೆ ಮುಗಿಯಲು ಎರಡು ದಿನ ಬೇಕಾಯಿತು. ಒಬ್ಬರು ಒಂದು ಪೀಸನ್ನು ಮೂರು ಸಲ ಅಳೆದಾಗ ದೊಡ್ಡದಕ್ಕೂ ಸಣ್ಣದಕ್ಕೂ ಇರುವ ಅಂತರವೇ ರೇಂಜ್. ಅಂಥ 30 ರೇಂಜ್ ಸಿಗುತ್ತವೆ. ಅವುಗಳ ಸರಾಸರಿಯನ್ನು 2.58ರಿಂದ ಗುಣಿಸಿದರೆ ಒಂದು ಮಿತಿ ಬರುತ್ತದೆ, ಅದನ್ನು ದಾಟಿದ ರೇಂಜ್ ಇದ್ದರೆ ಕಾರಣ ಹುಡುಕಬೇಕು. ನಮಗೆ ಬಂದ ಮಿತಿ ಸುಮಾರು 12 ಮೈಕ್ರಾನ್. ಒಂದು ಪೀಸ್‌ನ ರೇಂಜ್ 13 ಇತ್ತು. ನೋಡಿದರೆ ಅದರ ಮೇಲೆ ಕೂಲಂಟ್ ಒಣಗಿ ಅಂಟಿತ್ತು. ಒರೆಸಿ ಮತ್ತೆ ಅಳೆಸಿದೆ. ಕೊನೆಗೆ ಸರಾಸರಿ ರೇಂಜ್ 4.4 ಮೈಕ್ರಾನ್ ಬಂತು.

ಲೆಕ್ಕಕ್ಕೆ ಸಾಫ್ಟ್‌ವೇರ್ ಬೇಕಿಲ್ಲ, ಎಕ್ಸೆಲ್ ಸಾಕು. 3 ಸಲದ ಅಳತೆಗೆ ಸರಾಸರಿ ರೇಂಜನ್ನು 0.5908ರಿಂದ ಗುಣಿಸಿದರೆ ರಿಪೀಟೆಬಿಲಿಟಿ. ನಮ್ಮದು 2.6 ಮೈಕ್ರಾನ್. ಮೂವರ ಒಟ್ಟು ಸರಾಸರಿಗಳಲ್ಲಿ ಅತಿ ಹೆಚ್ಚಿಗೂ ಅತಿ ಕಡಿಮೆಗೂ ಇರುವ ಅಂತರವನ್ನು 0.5231ರಿಂದ ಗುಣಿಸಬೇಕು. ಅದರ ವರ್ಗದಿಂದ, ರಿಪೀಟೆಬಿಲಿಟಿಯ ವರ್ಗವನ್ನು 30ರಿಂದ (10 ಪೀಸ್, 3 ಸಲ) ಭಾಗಿಸಿದ್ದನ್ನು ಕಳೆದು ವರ್ಗಮೂಲ ತೆಗೆದರೆ ರಿಪ್ರೊಡ್ಯೂಸಿಬಿಲಿಟಿ. ನಮ್ಮಲ್ಲಿ ಕಾಕಾಗೂ ಹುಡುಗಿಗೂ ಅಂತರ 6 ಮೈಕ್ರಾನ್, ಹಾಗಾಗಿ 3.1 ಬಂತು. ಎರಡನ್ನೂ ನೇರವಾಗಿ ಕೂಡಿಸಬಾರದು. ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆಯಬೇಕು. ಒಟ್ಟು 4.05 ಮೈಕ್ರಾನ್.

ಅಳತೆಗಳು ಹೆಚ್ಚುಕಡಿಮೆ ಎಲ್ಲವೂ ಹರಡುವ ಅಗಲ ಅಂತ ಅದರ ಆರು ಪಟ್ಟು ಹಿಡಿಯುತ್ತಾರೆ, ಅಂದರೆ 24.3. ಟಾಲರೆನ್ಸ್ 33. ಅಂದರೆ ಶೇ. 74. ಶೇ. 30 ದಾಟಿದರೆ ಆ ಅಳತೆ ಕೆಲಸಕ್ಕೆ ಬಾರದು. ನಮ್ಮ ಟಾಲರೆನ್ಸ್‌ನ ಮುಕ್ಕಾಲು ಭಾಗವನ್ನು ಅಳತೆಯೇ ನುಂಗುತ್ತಿತ್ತು. ಒಟ್ಟು ವ್ಯತ್ಯಾಸಕ್ಕೆ ಹೋಲಿಸಿದರೆ ಶೇ. 58. ಪೀಸ್‌ಗಳ ನಡುವಿನ ವ್ಯತ್ಯಾಸ ಶೇ. 81. "ಸರ್, ಎರಡೂ ಸೇರಿ ನೂರು ದಾಟಿತಲ್ಲ?" ಅಂತ ಡಿಪ್ಲೊಮಾ ಹುಡುಗ ಕೇಳಿದ. ಒಳ್ಳೆಯ ಪ್ರಶ್ನೆ. ಇಲ್ಲಿ ನೂರಾಗುವುದು ವರ್ಗಗಳನ್ನು ಕೂಡಿಸಿದಾಗ. ಈ ಎರಡು ಶೇಕಡದಲ್ಲಿ ಯಾವುದನ್ನು ಹಿಡಿಯಬೇಕು ಅಂತ ಬಹಳ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಪೀಸ್ ಪಾಸೋ ಫೇಲೋ ಅಂತ ಹೇಳುವುದೇ ಕೆಲಸವಾದರೆ ಟಾಲರೆನ್ಸ್‌ನದು ನೋಡಿ. ಮಷೀನ್ ಸೆಟ್ಟಿಂಗ್ ಬದಲಿಸಲು ಆ ಅಳತೆ ಬಳಸಿದರೆ ಒಟ್ಟು ವ್ಯತ್ಯಾಸದ್ದನ್ನೂ ನೋಡಲೇಬೇಕು. ನಾವು ಎರಡಕ್ಕೂ ಬಳಸುತ್ತಿದ್ದೆವು.

ಇನ್ನೊಂದು ಅಂಕಿ ನನ್ನನ್ನು ಹೆಚ್ಚು ಕಾಡಿತು. ಈ ಅಳತೆ ಪೀಸ್‌ಗಳನ್ನು ಎಷ್ಟು ಗುಂಪಾಗಿ ಬೇರೆ ಮಾಡಿ ತೋರಿಸಬಲ್ಲದು ಅನ್ನುವ ಲೆಕ್ಕ ಅದು. ಪೀಸ್ ವ್ಯತ್ಯಾಸವನ್ನು ಅಳತೆಯ ವ್ಯತ್ಯಾಸದಿಂದ ಭಾಗಿಸಿ 1.41ರಿಂದ ಗುಣಿಸಬೇಕು. ಕನಿಷ್ಠ 5 ಬರಬೇಕು. ನಮಗೆ ಬಂದಿದ್ದು 1.97, ಅಂದರೆ 1 ಅಂತಲೇ ಹಿಡಿಯಬೇಕು. ಸಣ್ಣದು ಯಾವುದು, ದಪ್ಪದು ಯಾವುದು ಅಂತಲೂ ನಮ್ಮ ಅಳತೆಗೆ ಗೊತ್ತಾಗುತ್ತಿರಲಿಲ್ಲ. ಅಂಥ ಅಂಕಿ ನಂಬಿ ದಿನಾ ಆಫ್‌ಸೆಟ್ ತಿರುಗಿಸಿದ್ದೆವು.

ಅಂಕಿ ಬಂದ ಮೇಲೆ ನಿಜವಾದ ಕೆಲಸ ಶುರುವಾಯಿತು. ಮೂವರು ಅಳೆಯುವುದನ್ನು ಏನೂ ಮಾತಾಡದೆ ಪಕ್ಕ ನಿಂತು ನೋಡಿದೆ. ಮೈಕ್ರೋಮೀಟರ್‌ನಲ್ಲಿ ತಿರುಗಿಸುವ ಹಿಡಿಕೆಯೇ ಥಿಂಬಲ್. ಅದರ ತುದಿಯ ರ‍್ಯಾಚೆಟ್ ಒತ್ತಡ ಸಾಕಾದಾಗ ಜಾರಿ, ಬಿಗಿಯನ್ನು ಪ್ರತಿ ಸಲ ಒಂದೇ ಮಟ್ಟದಲ್ಲಿ ಇಡುತ್ತದೆ. ಹುಡುಗಿ ಕಲಿತ ಹಾಗೆ ರ‍್ಯಾಚೆಟ್ ತಿರುಗಿಸಿ, ಟಿಕ್ ಟಿಕ್ ಅಂದ ಮೇಲೆ ಓದುತ್ತಾಳೆ. ಕಾಕಾ ರ‍್ಯಾಚೆಟ್ ಮುಟ್ಟುವುದೇ ಇಲ್ಲ. ಥಿಂಬಲ್ ಹಿಡಿದು ಬಿಗಿ ಮಾಡುತ್ತಾರೆ. ಬಿಗಿ ಜಾಸ್ತಿಯಾದರೆ ಅಂಕಿ ಕಡಿಮೆ ಬರುತ್ತದೆ. ದಪ್ಪ ಪೀಸ್ ಅವರ ಕೈಯಲ್ಲಿ ಪಾಸಾಗುತ್ತಿದ್ದುದು ಹಾಗೆ. ಸಿಕ್ಕಿತು ಅಂದುಕೊಂಡೆ. ಆದರೂ ಕೇಳಿದೆ, "ಕಾಕಾ, ರ‍್ಯಾಚೆಟ್ ಯಾಕೆ ಬೇಡ?"

"ಅದು ಕೆಟ್ಟು ವರ್ಷ ಆತ್ರಿ. ಹಿಡಿಯೂಕಿಂತ ಮೊದ್ಲ ಜಾರ್ತದ. ಆವಾಗ ಚೀಟಿ ಬರದ ಕೊಟ್ಟಿದ್ದೆ."

ತಿರುಗಿಸಿ ನೋಡಿದೆ. ನಿಜ. ಒಳಗಿನ ಸ್ಪ್ರಿಂಗ್ ಸೋತಿತ್ತು. ಇಂಥ ಮೈಕ್ರೋಮೀಟರ್ ಸಾಮಾನ್ಯವಾಗಿ 5ರಿಂದ 10 ನ್ಯೂಟನ್ ಒತ್ತಡದಲ್ಲಿ ಪೀಸ್ ಹಿಡಿಯಬೇಕು. ಇದು ಪೀಸ್‌ಗೆ ಸರಿಯಾಗಿ ತಾಗುವ ಮೊದಲೇ ಜಾರುತ್ತಿತ್ತು. ಹುಡುಗಿ ನಿಯಮದ ಪ್ರಕಾರ ಮಾಡಿ ಜಾಸ್ತಿ ಓದುತ್ತಿದ್ದಳು. ಕಾಕಾ ಕೆಟ್ಟದ್ದನ್ನು ನಂಬದೆ ತಮ್ಮ ಕೈ ನಂಬಿ ಕಡಿಮೆ ಓದುತ್ತಿದ್ದರು. ಸರಿಯಾದ ಅಳತೆ ಇಬ್ಬರ ನಡುವೆ ಎಲ್ಲೋ ಇತ್ತು. ನಾನು ಅವರಿಬ್ಬರ ಮುಂದೆ ಕ್ಷಮೆ ಕೇಳಿದೆ. ಆ ಚೀಟಿ ನನ್ನ ಫೈಲಿನಲ್ಲೇ ಇತ್ತು.

ಡಿಪ್ಲೊಮಾ ಹುಡುಗನದು ಬೇರೆ ಕತೆ. ಅವನ ಸರಾಸರಿ ಮಧ್ಯದಲ್ಲಿ ಚೆನ್ನಾಗಿತ್ತು, ರೇಂಜ್ ಮಾತ್ರ ಎಲ್ಲರಿಗಿಂತ ದೊಡ್ಡದು. ಅವನು ಪ್ರತಿ ಸಲ ಸ್ಟೆಮ್‌ನ ಬೇರೆ ಬೇರೆ ಜಾಗದಲ್ಲಿ ಅಳೆಯುತ್ತಿದ್ದ. ನಮ್ಮ ಸ್ಟೆಮ್‌ನಲ್ಲಿ ಒಂದು ತುದಿಯಿಂದ ಇನ್ನೊಂದಕ್ಕೆ 3-4 ಮೈಕ್ರಾನ್ ಟೇಪರ್ ಇದೆ, ಅಂದರೆ ದಪ್ಪ ಅಷ್ಟು ಬದಲಾಗುತ್ತದೆ. ಪೀಸ್ ಒಳಗಿನ ಆ ವ್ಯತ್ಯಾಸ ಅಳತೆಯ ಲೆಕ್ಕಕ್ಕೆ ಸೇರಿತ್ತು. ಎಲ್ಲಿ ಅಳೆಯಬೇಕು ಅಂತ ಅವನಿಗೆ ಯಾರೂ ಹೇಳಿರಲಿಲ್ಲ, ಡ್ರಾಯಿಂಗ್‌ನಲ್ಲೂ ಇರಲಿಲ್ಲ. ಕಸ್ಟಮರ್‌ಗೆ ಫೋನ್ ಮಾಡಿ ಕೇಳಿ, ತುದಿಯಿಂದ 30 ಮಿ.ಮೀ. ದೂರದಲ್ಲಿ, ಒಂದಕ್ಕೊಂದು ಲಂಬವಾದ ಎರಡು ದಿಕ್ಕಿನಲ್ಲಿ ವ್ಯಾಸ ಅಂತ ಗಟ್ಟಿ ಮಾಡಿಕೊಂಡೆ.

ಬಿಸಿಯ ವಿಷಯ ಸ್ಟಡಿಯಲ್ಲಿ ಕಾಣುವುದಿಲ್ಲ, ಯಾಕೆಂದರೆ ಸ್ಟಡಿಯ ಪೀಸ್‌ಗಳು ದಿನಗಟ್ಟಲೆ ಟೇಬಲ್ ಮೇಲೆ ತಣ್ಣಗೆ ಕೂತಿರುತ್ತವೆ. ಆದರೆ ದಿನದ ಕೆಲಸದಲ್ಲಿ ಮಷೀನ್‌ನಿಂದ ತೆಗೆದ ತಕ್ಷಣ ಅಳೆಯುತ್ತಾರೆ. ಉಕ್ಕು 1 ಮೀಟರ್‌ಗೆ 1 ಡಿಗ್ರಿಗೆ ಸುಮಾರು 11 ಮೈಕ್ರಾನ್ ಹಿಗ್ಗುತ್ತದೆ. 20 ಮಿ.ಮೀ. ಪೀಸ್ ಮೈಕ್ರೋಮೀಟರ್‌ಗಿಂತ 25 ಡಿಗ್ರಿ ಬಿಸಿ ಇದ್ದರೆ 5.5 ಮೈಕ್ರಾನ್ ದಪ್ಪ ತೋರಿಸುತ್ತದೆ. ಅದಕ್ಕೆ ಈಗ ದಪ್ಪ ಉಕ್ಕಿನ ಪ್ಲೇಟ್ ಮೇಲೆ ಪೀಸ್ ಮತ್ತು ಮೈಕ್ರೋಮೀಟರ್ ಎರಡನ್ನೂ ಒಟ್ಟಿಗೆ ಅರ್ಧ ಗಂಟೆ ಇಟ್ಟು ಆಮೇಲೆ ಅಳೆಯುತ್ತೇವೆ. ಮೈಕ್ರೋಮೀಟರ್ ಸ್ಟ್ಯಾಂಡ್‌ನಲ್ಲಿ ಇರುತ್ತದೆ, ಕೈಯ ಬಿಸಿ ತಾಗುವುದಿಲ್ಲ. ಆನ್ವಿಲ್ (ಮೈಕ್ರೋಮೀಟರ್‌ನಲ್ಲಿ ಪೀಸ್ ತಾಗುವ ಮುಖ) ಒರೆಸಲು ಬಿಳಿ ಕಾಗದ, ಶಿಫ್ಟ್‌ಗೆ ಎರಡು ಸಲ ಝೀರೊ ಚೆಕ್. ಇವೆಲ್ಲ ದುಡ್ಡಿಲ್ಲದೆ ಆದವು. ದುಡ್ಡು ಹೋಗಿದ್ದು ರ‍್ಯಾಚೆಟ್ ರಿಪೇರಿಗೆ ಮಾತ್ರ.

ಒಂದು ತಿಂಗಳು ಬಿಟ್ಟು ಅದೇ ಮೂವರ ಜೊತೆ ಮತ್ತೆ ಮಾಡಿದೆ. ಸರಾಸರಿ ರೇಂಜ್ 1.6 ಮೈಕ್ರಾನ್, ಜನರ ನಡುವಿನ ಅಂತರ 1.4. ಲೆಕ್ಕ ಹಾಕಿದರೆ ಟಾಲರೆನ್ಸ್‌ನ ಶೇ. 21.5, ಗುಂಪು 6. ಶೇ. 10ಕ್ಕೂ 30ಕ್ಕೂ ನಡುವೆ ಬಂದರೆ ಕೆಲಸದ ಮಹತ್ವ, ಉಪಕರಣದ ಬೆಲೆ ನೋಡಿ, ಕಸ್ಟಮರ್ ಒಪ್ಪಿದರೆ ನಡೆಸಬಹುದು. ನಾನು ಶೀಟ್ ಹಿಡಿದುಕೊಂಡು ಕಸ್ಟಮರ್ ಹತ್ತಿರ ಹೋಗಿ ಶೇ. 74ರ ಕತೆಯನ್ನೂ ಮುಚ್ಚಿಡದೆ ತೋರಿಸಿದೆ. ಅವರು ಒಂದು ಷರತ್ತಿನ ಮೇಲೆ ಒಪ್ಪಿದರು. ಎರಡೂ ತುದಿಯಲ್ಲಿ 3 ಮೈಕ್ರಾನ್ ಬಿಟ್ಟು, 19.950ರಿಂದ 19.977ರ ಒಳಗಿದ್ದರೆ ಮಾತ್ರ ಪಾಸ್ ಮಾಡಬೇಕು. ಅದರ ಆಚೆ ಬಂದದ್ದನ್ನು ಇನ್ನೊಬ್ಬರು ಮತ್ತೆ ಅಳೆಯಬೇಕು.

ಶೇ. 10ರ ಒಳಗೆ ತರಬೇಕೆಂದರೆ ಇನ್ನೂ ಸೂಕ್ಷ್ಮವಾಗಿ ಅಳೆಯುವ ಬೆಂಚ್ ಕಂಪ್ಯಾರೇಟರ್ ಅಥವಾ ಏರ್ ಗೇಜ್ ಬೇಕು. ಅದು ಮುಂದಿನ ವರ್ಷದ ಬಜೆಟ್‌ನಲ್ಲಿದೆ. ಸ್ಪಿಂಡಲ್ ಬಿಚ್ಚಿಸುವ ಕೊಟೇಶನ್ ಹಾಗೇ ಉಳಿಯಿತು. ಆಫ್‌ಸೆಟ್ ಈಗ ಟೂಲ್ ಸವೆದಾಗ ಮಾತ್ರ ಮುಟ್ಟುತ್ತಾರೆ.

ಈ ಕೆಲಸ ಮಾಡಲು ಹೊರಟವರಿಗೆ ಒಂದು ವಿನಂತಿ. ಆಡಿಟ್ ಬರುತ್ತದೆ ಅಂತ ಒಂದೇ ಮಧ್ಯಾಹ್ನ ಕೂತು 90 ಅಂಕಿ ತುಂಬಬೇಡಿ. ಹಾಗೆ ತುಂಬಿದ ಶೀಟ್ ಎಷ್ಟು ಚೆನ್ನಾಗಿ ಕಾಣುತ್ತದೆ ಅಂತ ನನ್ನ ಮೊದಲ ಶೇ. 4 ನೋಡಿ ಗೊತ್ತಾಗಿದೆ. ಆ ಶೀಟ್ ನಂಬಿದ್ದರೆ ಸ್ಪಿಂಡಲ್ ಬಿಚ್ಚುತ್ತಿದ್ದೆವು, ಕಾಕಾ ಮತ್ತು ಹುಡುಗಿ ಇವತ್ತಿಗೂ ಒಬ್ಬರನ್ನೊಬ್ಬರು ದೂರುತ್ತಿದ್ದರು.

ಹೊಸಬರು ಸೇರಿದಾಗ, ಉಪಕರಣ ರಿಪೇರಿಯಾಗಿ ಬಂದಾಗ ಈಗ ಮತ್ತೆ ಸ್ಟಡಿ ಮಾಡುತ್ತೇವೆ. ಹೋದ ಸಲ ಚೀಟಿ ಎತ್ತಿ ಪೀಸ್ ಹಂಚಿದ್ದು ಕಾಕಾ. ಹೊಸ ಹುಡುಗ ಪಕ್ಕದ ಶೀಟ್ ಕಡೆ ಕಣ್ಣು ಹಾಯಿಸಿದಾಗ ಅದರ ಮೇಲೆ ಕೈ ಮುಚ್ಚಿ, "ತಮ್ಮಾ, ನಿಂಗ ಕಂಡದ್ದ ಹೇಳು" ಅಂದರು.