ಮರುವಾಯಿಗೆ ಕಂಬಿ ಜರಡಿ: ನನ್ನ ಅನುಭವ

ಸಣ್ಣ ಮರುವಾಯಿಯನ್ನು (ಹೊಳೆಯ ಮರಳಿನಲ್ಲಿ ಸಿಗುವ ಚಿಪ್ಪುಮೀನು) ಹೊಳೆಯಲ್ಲೇ ಬಿಡಿ ಎಂದಾಗಲೆಲ್ಲ ಬರುವ ಉತ್ತರ ಒಂದೇ: "ನೀವು ಬಿಟ್ಟದ್ದನ್ನು ನಾಳೆ ಇನ್ನೊಬ್ಬ ಹೆಕ್ಕುತ್ತಾನೆ ಮಾರಾಯ್ರೆ." ಹೆಕ್ಕಿದರೆ ಹೆಕ್ಕಲಿ. ಶಾಂಭವಿ, ನಂದಿನಿ ಸೇರುವ ಮೂಲ್ಕಿ ಅಳಿವೆಯ ಒಂದು ಮರಳು ದಿಬ್ಬದಲ್ಲಿ (ಯಾವುದೆಂದು ಹೇಳುವುದಿಲ್ಲ) ಕೆಲವು ವರ್ಷಗಳಿಂದ, ಸಣ್ಣವು ಉದುರಿಹೋಗುವ ಜರಡಿ ಹಿಡಿದೇ ಹೆಕ್ಕುತ್ತಿದ್ದೇನೆ. ಈಗ ಅಲ್ಲಿ ಬುಟ್ಟಿ ತುಂಬಲು ಮೊದಲಿನ ಅರ್ಧ ಹೊತ್ತು ಸಾಕು. ಕೊಲ್ಲಂನ ಅಷ್ಟಮುಡಿ ಹಿನ್ನೀರಿನ ಚಿಪ್ಪುಮೀನುಗಾರಿಕೆಗೆ 2014ರಲ್ಲಿ, ಬರಿದಾಗದಂತೆ ಹಿಡಿಯುವವರಿಗೆ ಕೊಡುವ ಎಂಎಸ್‌ಸಿ ಪ್ರಮಾಣಪತ್ರ ಸಿಕ್ಕಿತು, ದೇಶದಲ್ಲೇ ಮೊದಲು. ಅಲ್ಲಿನವರೂ ಬಲೆಕಣ್ಣು ದೊಡ್ಡದು ಮಾಡಿ ಮರಿಗಳನ್ನು ಉಳಿಸಿಕೊಂಡವರೇ.

ದುಡ್ಡು ಹೋದದ್ದು ಜರಡಿಗೆ. ಗಾರೆ ಕೆಲಸದ ಮರಳು ಜರಡಿಯಲ್ಲಿ ಬೀಜದಂಥ ಮರಿಯೂ ನಿಲ್ಲುತ್ತದೆ. ಮುಕ್ಕಾಲು ಇಂಚಿನ ಕೋಳಿ ಬಲೆಯಲ್ಲಿ ಚಿಪ್ಪು ಸಿಕ್ಕಿಕೊಂಡು ಅಂಚು ಒಡೆಯುತ್ತದೆ. ಅಂಥದ್ದನ್ನು ಬಿಟ್ಟರೂ ಏಡಿಯ ಪಾಲು. ವೆಲ್ಡಿಂಗ್ ಮಾಡಿಸಿದ ಸ್ಟೀಲ್ ಟ್ರೇಗೆ ಎರಡು ಸಾವಿರದ ಹತ್ತಿರ ಬಿತ್ತು. ಬೆಸುಗೆ ಇದ್ದಲ್ಲೆಲ್ಲ ತುಕ್ಕು ಹಿಡಿದು ಕಂಬಿ ಕಳಚಿದವು.

ಬಾಳಿಕೆ ಬಂದದ್ದು ಇದು. 1 ಇಂಚಿನ ಪಿವಿಸಿ ಪೈಪಿನ ಚೌಕಟ್ಟು, ಒಂದೂವರೆ ಅಡಿ ಚೌಕ. ಎದುರುಬದುರು ಪೈಪುಗಳಿಗೆ ತೂತು ಕೊರೆದು 6 ಮಿ.ಮೀ. ದಪ್ಪದ 316 ದರ್ಜೆಯ ಸ್ಟೀಲ್ ಕಂಬಿ ತೂರಿಸಬೇಕು, ಹದಿನೆಂಟು ಹತ್ತೊಂಬತ್ತು ಬೇಕಾದೀತು. 304 ಬೇಡ, ಉಪ್ಪು ನೀರು ಅದನ್ನು ಚುಕ್ಕೆ ಚುಕ್ಕೆಯಾಗಿ ತಿನ್ನುತ್ತದೆ. ಎಲ್ಲ ಸೇರಿ 1,500 ರೂಪಾಯಿ ಆಗಿರಬಹುದು. ಕಂಬಿಗಳ ನಡುವಿನ ಸಂದು 17 ಮಿ.ಮೀ., ಅಂದರೆ ತೂತಿನ ನಡುವಿನಿಂದ ನಡುವಿಗೆ 23. ತೂತನ್ನೇ 17ಕ್ಕೆ ಗುರುತು ಮಾಡಿದರೆ ಸಂದು ಬರೀ 11 ಆಗಿ ಮರಿಗಳೆಲ್ಲ ಮೇಲೆಯೇ ಉಳಿಯುತ್ತವೆ. ಸಂದಿನಲ್ಲಿ ಲೆಕ್ಕಕ್ಕೆ ಬರುವುದು ಮರುವಾಯಿಯ ದಪ್ಪ. ಇಲ್ಲಿನ ಉಬ್ಬಿದ ಜಾತಿಯಲ್ಲಿ 3 ಸೆಂ.ಮೀ. ಉದ್ದದ್ದು ಹೆಚ್ಚುಕಡಿಮೆ 17 ದಪ್ಪ. ಚಪ್ಪಟೆ ಜಾತಿಗೆ ಇದು ಹೊಂದುವುದಿಲ್ಲ. ನಿಮ್ಮ ಹೊಳೆಯ ಮೂವತ್ತು ಚಿಪ್ಪನ್ನಾದರೂ ವರ್ನಿಯರ್‌ನಲ್ಲಿ ಅಳೆದು ಆಮೇಲೆ ಕೊರೆಯಿರಿ. ಕಂಬಿ ಜಾರದಂತೆ ಕೂರಿಸುವ ಉಪಾಯ ನನ್ನಲ್ಲೇ ಇರಲಿ.

ಅಮಾವಾಸ್ಯೆ, ಹುಣ್ಣಿಮೆಯ ದೊಡ್ಡ ಇಳಿತದಲ್ಲಿ, ಮೊಣಕಾಲು ನೀರಿನಲ್ಲಿ ಜರಡಿ ಮುಳುಗಿಸಿ, ಕಂಬಿಯ ಉದ್ದಕ್ಕೆ ಹಿಂದೆ ಮುಂದೆ ಆಡಿಸಬೇಕು. ನೀರೇ ಚಿಪ್ಪನ್ನು ಮಗ್ಗುಲಿಗೆ ಹೊರಳಿಸುತ್ತದೆ. ಒಮ್ಮೆಗೆ ನಾಲ್ಕು ಬೊಗಸೆ ಸಾಕು. ನಡೆಯುತ್ತಲೇ ಆಡಿಸಿ, ಒಂದೇ ಕಡೆ ರಾಶಿ ಬಿದ್ದರೆ ಅಡಿಯವು ಕೊಳೆಯುತ್ತವೆ. ದಿಬ್ಬದ ಮೇಲೆ ಎಸೆದರಂತೂ ಬಿಸಿಲಿಗೆ ಬಾಯಿ ಬಿಡುತ್ತವೆ, ಕಾಗೆ ಗಿಡುಗ ಕಾದಿರುತ್ತವೆ. ತಿಳಿನೀರಿದ್ದರೆ ಬಗ್ಗಿ ನೋಡಿ: ಉದುರಿದ ಮರಿ ಬಿಳಿ ಕಾಲು ಚಾಚಿ, ಅಂಚಿನ ಮೇಲೆ ಎದ್ದು ನಿಂತು, ತುಸು ತುಸುವೇ ಎಳೆದುಕೊಳ್ಳುತ್ತ ಮರಳಿನೊಳಗೆ ಸೇರುತ್ತದೆ.

ಮರಳು ಕಕ್ಕಿಸಲು ನಲ್ಲಿ ನೀರಿಗೆ ಉಪ್ಪು ಹಾಕಿ ನೋಡಿದ್ದಾಯಿತು, ಬಾಯಿಯೇ ತೆರೆಯಲಿಲ್ಲ. ಅದೇ ಹೊಳೆಯ ನೀರು ತಂದು, ಟಬ್ಬಿನ ತಳಕ್ಕೆ ತಾಗದಂತೆ ತಟ್ಟೆಬುಟ್ಟಿಯಲ್ಲಿ ಇಡೀ ರಾತ್ರಿ ಇಟ್ಟರೆ ಕಕ್ಕಿದ ಮರಳು ಕೆಳಗೆ ಕೂರುತ್ತದೆ, ಪುಂಡಿಯಲ್ಲಿ (ಅಕ್ಕಿ ಕಡುಬು) ಹಲ್ಲಿಗೆ ಸಿಗುವುದಿಲ್ಲ.

ಇದರ ನಡುವೆ ಮುರುವಿನ (ಕಲ್ಲಿಗೆ ಅಂಟಿ ಬೆಳೆಯುವ ಚಿಪ್ಪುಮೀನು, ಆಯ್ಸ್ಟರ್) ಖಾಲಿ ಚಿಪ್ಪುಗಳನ್ನು ನೈಲಾನ್ ಹಗ್ಗಕ್ಕೆ ಪೋಣಿಸಿ ಇಳಿಬಿಟ್ಟಿದ್ದೆ. ಮರಿ ಚೆನ್ನಾಗಿಯೇ ಕೂತವು, ಜೂನ್‌ನ ಸಿಹಿನೀರಿಗೆ ಸತ್ತವು. ಈ ಸಲ ಮಳೆ ನಿಂತು ನೀರು ಉಪ್ಪಾದ ಮೇಲೆ ಕಟ್ಟಿ, ಮೇ ಮುಗಿಯುವುದರೊಳಗೆ ಎತ್ತಿಬಿಡುತ್ತೇನೆ.