ಆಷಾಢದ ಬಿಡುವಿನಲ್ಲಿ ಕಡಲ ತೀರದ ಫೋಟೋ

ಆಷಾಢ ಬಂತೆಂದರೆ ಮೈಸೂರಿನ ಮದುವೆ ಫೋಟೋಗ್ರಾಫರ್‌ಗಳಿಗೆ ರಜೆ. ಛತ್ರಗಳು ಖಾಲಿ. ಶುಕ್ರವಾರ ಚಾಮುಂಡಿ ಬೆಟ್ಟದಲ್ಲಿ ಜನವೋ ಜನ, ಅಗ್ರಹಾರದ ನನ್ನ ಸ್ಟುಡಿಯೋಗೆ ಮಾತ್ರ ಪಾಸ್‌ಪೋರ್ಟ್ ಸೈಜ್ ಫೋಟೋ ಕೇಳಿಕೊಂಡು ಬರುವವರು ಬಿಟ್ಟರೆ ಯಾರೂ ಇಲ್ಲ. ಅದೇ ಹೊತ್ತಿಗೆ ಕರಾವಳಿಯ ದೊಡ್ಡ ಬೋಟ್‌ಗಳಿಗೂ ರಜೆ. ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ಅವು ಕಡಲಿಗೆ ಇಳಿಯುವ ಹಾಗಿಲ್ಲ. ಮೀನು ಮರಿ ಮಾಡುವ ಕಾಲ, ಕಡಲೂ ಕೆಟ್ಟಿರುತ್ತದೆ. ಹಾಗಾಗಿ ನಾವೂ ಖಾಲಿ, ಅವರೂ ಖಾಲಿ. ಹೋಗಿ ಕೂತು, ಮಾತಾಡಿ, ಫೋಟೋ ತೆಗೆಯಲು ಇದಕ್ಕಿಂತ ಒಳ್ಳೆ ಸಮಯ ಸಿಗುವುದಿಲ್ಲ.

ನನ್ನ ಜೊತೆ ಬರುವ ಹುಡುಗರು ಮೊದಲು ಕೇಳುವುದು, "ಸಾರ್, ಅಲೆ ಎಲ್ಲಿ ಜಾಸ್ತಿ ಎತ್ತರಕ್ಕೆ ಏಳುತ್ತೆ?" ಅಂತ. ಬಂಡೆಗೆ ಬಡಿದು ಚಿಮ್ಮುವ ಅಲೆಯ ಫೋಟೋ ಎಲ್ಲರ ಮೊಬೈಲ್‌ನಲ್ಲೂ ಇದೆ. ಅಂಥದ್ದು ಎರಡು ತೆಗೆದುಕೊಳ್ಳಿ, ಸಾಕು. ಕಡಲು ಕೆಟ್ಟಾಗ ಊರು ಏನು ಮಾಡುತ್ತದೆ ಅನ್ನುವುದನ್ನು ತೆಗೆಯಿರಿ. ಅದೆಲ್ಲ ದಡದಲ್ಲೇ ನಡೆಯುತ್ತದೆ.

ಹೋಗುವ ಮುಂಚೆ ಇಲ್ಲೇ ಸ್ವಲ್ಪ ಕೈ ಪಳಗಿಸಿಕೊಳ್ಳಿ. ಜಡಿಮಳೆ ಹಿಡಿದ ದಿನ ದೇವರಾಜ ಮಾರುಕಟ್ಟೆಗೆ ಹೋಗಿ. ಒಂದು ಕೈಯಲ್ಲಿ ಛತ್ರಿ, ಒಂದು ಕೈಯಲ್ಲಿ ಕ್ಯಾಮೆರಾ ಹಿಡಿದು ಕೆಲಸ ಆಗುತ್ತಾ ನೋಡಿ. ಆಗಲ್ಲ ಅಂತ ಗೊತ್ತಾದ ಮೇಲೆ ಒಳ್ಳೆ ರೇನ್‌ಕೋಟ್ ಕೊಳ್ಳುತ್ತೀರಿ. ಕೆಆರ್‌ಎಸ್ ಹಿನ್ನೀರಿನ ಕಡೆ ಬೆಳಿಗ್ಗೆ ತೆಪ್ಪದಲ್ಲಿ ಬಲೆ ಎಳೆಯುವವರು ಸಿಗುತ್ತಾರೆ. ಅಲ್ಲಾಡುವ ತೆಪ್ಪ, ಮೋಡದ ಬೆಳಕು, ಕೆಲಸದಲ್ಲಿ ಮುಳುಗಿರುವ ಮನುಷ್ಯ. ಕಡಲಲ್ಲಿ ನಿಮಗೆ ಬೇಕಾಗುವ ಅಭ್ಯಾಸ ಇದೇ.

ದಾರಿಯ ವಿಷಯ. ಮೈಸೂರಿನಿಂದ ಹುಣಸೂರು, ಮಡಿಕೇರಿ, ಸುಳ್ಯ, ಪುತ್ತೂರು ಮೇಲೆ ಮಂಗಳೂರಿಗೆ ಸುಮಾರು 250 ಕಿಲೋಮೀಟರ್. ಮಡಿಕೇರಿ–ಸಂಪಾಜೆ ಘಾಟಿಯಲ್ಲಿ ಮಳೆಗಾಲಕ್ಕೆ ಗುಡ್ಡ ಕುಸಿಯುವುದುಂಟು. 2018ರಲ್ಲಿ ಆದದ್ದು ನೆನಪಿದೆಯಲ್ಲ? ಹವಾಮಾನ ಇಲಾಖೆ ಕೊಡಗಿಗೋ ದಕ್ಷಿಣ ಕನ್ನಡಕ್ಕೋ ರೆಡ್ ಅಲರ್ಟ್ ಕೊಟ್ಟಿದ್ದರೆ ಹೊರಡಬೇಡಿ. ಕಡಲಿಗೆ ಬೇರೆಯದೇ ಎಚ್ಚರಿಕೆ ಬರುತ್ತದೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಎತ್ತರದ ಅಲೆಗಳ ಮುನ್ಸೂಚನೆ ಕೊಡುತ್ತದೆ. ಅದನ್ನೂ, ಉಬ್ಬರ–ಇಳಿತದ ಹೊತ್ತನ್ನೂ ಹಿಂದಿನ ರಾತ್ರಿಯೇ ನೋಡಿಕೊಳ್ಳಿ. ಅಮಾವಾಸ್ಯೆ, ಹುಣ್ಣಿಮೆ ಹತ್ತಿರ ಉಬ್ಬರ ಜೋರು.

ಮಂಗಳೂರಿನಿಂದ ಉತ್ತರಕ್ಕೆ, ಉಡುಪಿ ಹತ್ತಿರದ ಮಲ್ಪೆ ಬಂದರಿನಲ್ಲಿ ಬೋಟ್‌ಗಳು ಒಂದಕ್ಕೊಂದು ಅಂಟಿಕೊಂಡು ನಿಂತಿರುತ್ತವೆ. ಕೆಲವಕ್ಕೆ ಟಾರ್ಪಾಲು, ಕೆಲವಕ್ಕೆ ತೆಂಗಿನ ಗರಿ ಹೊದಿಸಿರುತ್ತಾರೆ. ಎಂಜಿನ್ ಬಿಚ್ಚುವವರು, ಬಣ್ಣ ಬಳಿಯುವವರು, ಬಲೆ ಹೆಣೆಯುವವರು ಅಲ್ಲೇ ಸಿಗುತ್ತಾರೆ. ಮರವಂತೆಯಲ್ಲಿ ಒಂದು ಕಡೆ ಕಡಲು, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಎಲ್ಲರೂ ಅಲ್ಲಿ ಕಾರು ನಿಲ್ಲಿಸಿ ಒಂದೇ ಫೋಟೋ ತೆಗೆದು ಹೋಗುತ್ತಾರೆ. ನೀವು ಒಳಗಿನ ಮನೆಗಳ ಕಡೆ ನಡೆಯಿರಿ. ಗಂಗೊಳ್ಳಿಯಲ್ಲಿ ಐದು ನದಿಗಳ ನೀರು ಕಡಲು ಸೇರುವ ಅಳಿವೆ ಇದೆ. ಕೆಂಪು ನೀರು ಹೊರಗೆ ನುಗ್ಗುತ್ತದೆ, ಅಲೆ ಒಳಗೆ ನುಗ್ಗುತ್ತದೆ. ದೋಣಿಗೆ ಅತಿ ಅಪಾಯದ ಜಾಗ, ದೂರದಿಂದ ದೊಡ್ಡ ಲೆನ್ಸ್ ಹಾಕಿ ತೆಗೆಯುವವರಿಗೆ ಅತಿ ಒಳ್ಳೆಯ ಜಾಗ.

ಈಗ ಮುಖ್ಯ ವಿಷಯ, ನಾಡದೋಣಿ, ಅಂದರೆ ಸಾಂಪ್ರದಾಯಿಕ ಸಣ್ಣ ದೋಣಿ. ನಿಷೇಧದ ಎರಡು ತಿಂಗಳೂ ಇವಕ್ಕೆ ಅಡ್ಡಿಯಿಲ್ಲ, 10 ಅಶ್ವಶಕ್ತಿಯ ಒಳಗಿನ ಎಂಜಿನ್ ಆದರೆ ಹಾಕಿಕೊಳ್ಳಬಹುದು. ನಾಡದೋಣಿಯವರು ಕಾಯುವುದು ತೂಫಾನಿಗೆ. ನಮಗೆ ವಿಚಿತ್ರ ಅನಿಸುತ್ತದೆ, ಅಲ್ವಾ? ಕಡಲು ಒಮ್ಮೆ ಚೆನ್ನಾಗಿ ಕದಡಿ ಆಮೇಲೆ ತಣ್ಣಗಾದರೆ ಸಿಗಡಿ, ಮೀನು ದಡದ ಹತ್ತಿರಕ್ಕೆ ಬರುತ್ತವೆ. ತೂಫಾನ್ ಏಳದ ವರ್ಷ ಅವರಿಗೆ ನಷ್ಟ. ಹಾಗಾಗಿ ನಿಮ್ಮ ಲೆಕ್ಕವೂ ಹೀಗಿರಲಿ: ಮಳೆಗಾಳಿ ಜೋರಿರುವ ದಿನ ಊರೊಳಗೆ, ಶೆಡ್ಡುಗಳಲ್ಲಿ ಫೋಟೋ ತೆಗೆಯಿರಿ. ಅದು ತಗ್ಗಿದ ಮರುದಿನ, ಅದರ ಮರುದಿನ, ಬೆಳಗಿನ ಜಾವಕ್ಕೇ ದಡದಲ್ಲಿರಿ.

ದೋಣಿ ಇಳಿಸುವಾಗ ದೊಡ್ಡ ಅಲೆಗಳ ಒಂದು ಸಾಲು ಹೋಗಲಿ ಎಂದು ಎಲ್ಲರೂ ದೋಣಿ ಹಿಡಿದು ನಿಂತಿರುತ್ತಾರೆ. ನಡುವೆ ಸ್ವಲ್ಪ ಬಿಡುವು ಸಿಕ್ಕಿದ ಕೂಡಲೇ ಒಟ್ಟಿಗೆ ತಳ್ಳುತ್ತಾರೆ. ದೋಣಿ ಏಳುವ ಕ್ಷಣಕ್ಕಿಂತ ಅದರ ಮುಂಚಿನ ಮುಖಗಳು ನನಗೆ ಇಷ್ಟ. ಎಲ್ಲರ ಕಣ್ಣೂ ಒಂದೇ ಕಡೆ ಇರುತ್ತದೆ, ಯಾರೂ ನಿಮ್ಮನ್ನು ನೋಡುವುದಿಲ್ಲ. ಹಿಂದೆ ನಿಂತರೆ ಬರೀ ಬೆನ್ನು ಸಿಗುತ್ತದೆ. ದಡದಲ್ಲೇ ಪಕ್ಕಕ್ಕೆ ದೂರ ಸರಿದು, ಓರೆಯಾಗಿ, 200 ಎಂಎಂ ಹತ್ತಿರದ ಲೆನ್ಸ್‌ನಲ್ಲಿ ನೋಡಿ. ಶಟರ್ 1/1000 ಸೆಕೆಂಡ್, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 1600 ಆದರೂ ಪರವಾಗಿಲ್ಲ. ಸ್ವಲ್ಪ ಗ್ರೈನ್ ಬಂದರೆ ಯಾರೂ ಸಾಯುವುದಿಲ್ಲ, ಮುಖ ಮಸುಕಾದರೆ ಫೋಟೋ ಸತ್ತಂತೆ.

ಕೈರಂಪಣಿ, ಅಂದರೆ ದಡದಿಂದಲೇ ಕೈಯಲ್ಲಿ ಬಲೆ ಎಳೆಯುವ ಮೀನುಗಾರಿಕೆ, ಸಿಕ್ಕರೆ ನಿಮ್ಮ ಅದೃಷ್ಟ. ಬಲೆಯ ಒಂದು ತುದಿಯ ಹಗ್ಗ ದಡದಲ್ಲಿರುತ್ತದೆ. ದೋಣಿ ಅರ್ಧ ಸುತ್ತು ಹಾಕಿ ಬಲೆ ಬಿಟ್ಟು ಇನ್ನೊಂದು ತುದಿಯನ್ನು ದಡಕ್ಕೆ ತರುತ್ತದೆ. ಎರಡು ಸಾಲಿನಲ್ಲಿ ಜನ ನಿಂತು ಎಳೆಯುತ್ತಾರೆ. ಎರಡು ಹಗ್ಗಗಳ ನಡುವೆ ಹೋಗಬೇಡಿ, ಬಿಗಿಯಾದ ಹಗ್ಗವನ್ನು ದಾಟಬೇಡಿ. ಹೊರಗಿನಿಂದ, ಮಂಡಿಯೂರಿ ತೆಗೆಯಿರಿ. ಎಳೆತದ ಜೋರು ಕಾಣಬೇಕಾದರೆ ಶಟರ್ 1/15ಕ್ಕೆ ಇಳಿಸಿ ನೋಡಿ. ಕೈ ಕಾಲು ಸ್ವಲ್ಪ ಅಲುಗಿರುತ್ತವೆ, ಮರಳಲ್ಲಿ ಊರಿದ ಹಿಮ್ಮಡಿ ನಿಂತಿರುತ್ತದೆ. ಬಲೆಯ ಚೀಲ ಹತ್ತಿರ ಬಂದಾಗ ಮಕ್ಕಳು, ಹೆಂಗಸರು, ಗರುಡ, ಕಾಗೆ ಎಲ್ಲ ಸೇರುತ್ತಾರೆ. ಆಗ 35 ಎಂಎಂ ಹಾಕಿದ ಇನ್ನೊಂದು ಕ್ಯಾಮೆರಾ ಕತ್ತಿನಲ್ಲಿ ಇದ್ದರೆ ಒಳ್ಳೆಯದು. ದಡದಲ್ಲಿ ಲೆನ್ಸ್ ಬದಲಿಸುವ ಆಸೆ ಬಿಡಿ. ಉಪ್ಪುಗಾಳಿ ಒಳಗೆ ಹೋದರೆ ಸರ್ವಿಸ್ ಬಿಲ್ ನೋಡಿ ಅಳುತ್ತೀರಿ.

ಬೆಳಕಿನ ಬಗ್ಗೆ ಒಂದು ಮಾತು. ಮೋಡದ ಆಕಾಶ ಕಣ್ಣಿಗೆ ಬೂದು, ಕ್ಯಾಮೆರಾಗೆ ಮಾತ್ರ ಸಿಕ್ಕಾಪಟ್ಟೆ ಬೆಳಕು. ಫ್ರೇಮಿನಲ್ಲಿ ಆಕಾಶವೋ ನೊರೆಯೋ ಜಾಸ್ತಿ ಇದ್ದರೆ ಬೆಳಕು ಅಳೆಯುವ ಮೀಟರ್ ಮೋಸ ಹೋಗಿ ಮುಖ ಕಪ್ಪಾಗಿಸುತ್ತದೆ. ಎಕ್ಸ್‌ಪೋಶರ್ ಅರ್ಧದಿಂದ ಒಂದು ಸ್ಟಾಪ್ (ಒಂದು ಸ್ಟಾಪ್ ಅಂದರೆ ಎರಡರಷ್ಟು ಬೆಳಕು) ಏರಿಸಿ, ಇಲ್ಲವೇ ಆಕಾಶವನ್ನೇ ಕತ್ತರಿಸಿ. ಮಳೆಹನಿ ಕಾಣಬೇಕಾದರೆ ಹಿಂದೆ ಕಪ್ಪಾದದ್ದು ಏನಾದರೂ ಇರಲಿ, ತೆಂಗಿನ ತೋಟ, ದೋಣಿಯ ಒಡಲು, ಮನೆ ಬಾಗಿಲು. ಶಟರ್ 1/60ರಿಂದ 1/125. ಫ್ಲಾಶ್ ಹಾಕಿದರೆ ಪ್ರತಿ ಹನಿಯೂ ಬಿಳಿ ಚುಕ್ಕೆ. ನಮ್ಮ ಮದುವೆ ಮನೆಯ ಚಟ ಇಲ್ಲಿ ಬೇಡ.

ನೀಲಿ ಟಾರ್ಪಾಲಿನ ಶೆಡ್ಡು ಇನ್ನೊಂದು ತಲೆನೋವು. ಬಲೆ ಹೆಣೆಯುವವರು ಅದರಡಿಯಲ್ಲೇ ಕೂರುತ್ತಾರೆ, ಮುಖವೆಲ್ಲ ನೀಲಿ. ಬಣ್ಣ ಸರಿಪಡಿಸುವ ವೈಟ್ ಬ್ಯಾಲೆನ್ಸ್ ಎಷ್ಟು ತಿರುಗಿಸಿದರೂ ಪೂರ್ತಿ ಹೋಗಲ್ಲ, ಯಾಕೆಂದರೆ ಮುಖದ ಒಂದು ಕಡೆ ನೀಲಿ, ಇನ್ನೊಂದು ಕಡೆ ಹೊರಗಿನ ಬಿಳಿ ಬೆಳಕು. ಶೆಡ್ಡಿನ ಅಂಚಿನಲ್ಲಿ ಕೂತವರನ್ನು ಆರಿಸಿಕೊಳ್ಳಿ. ಆಮೇಲೆ ಬಣ್ಣ ತಿದ್ದಲು ಸುಲಭವಾಗುವ ರಾ ಫೈಲ್‌ನಲ್ಲಿ ತೆಗೆಯಿರಿ. ಅಷ್ಟರ ಮೇಲೂ ಬಗ್ಗದಿದ್ದರೆ ಕಪ್ಪು–ಬಿಳುಪು ಮಾಡಿ, ತಪ್ಪೇನಿಲ್ಲ.

ಕ್ಯಾಮೆರಾಗೆ ದುಬಾರಿ ರೇನ್ ಕವರ್ ಬೇಕಿಲ್ಲ. ದಪ್ಪ ಪ್ಲಾಸ್ಟಿಕ್ ಕವರ್, ರಬ್ಬರ್ ಬ್ಯಾಂಡ್, ಲೆನ್ಸ್ ಹುಡ್, ಮುಂದೆ ಒಂದು ಯುವಿ ಫಿಲ್ಟರ್. ಒರೆಸಲು ಹಳೆ ಕಾಟನ್ ಪಂಚೆಯ ತುಂಡುಗಳು, ಜಾಸ್ತಿ ಇರಲಿ, ಒಂದೊಂದನ್ನೂ ಬೇರೆ ಕವರಿನಲ್ಲಿ ಇಡಿ. ಮೊಬೈಲ್‌ನಲ್ಲಿ ತೆಗೆಯುವವರಿಗೆ: ಐಪಿ68 ಅಂತ ಬರೆದಿದ್ದರೆ ಅದು ಸಿಹಿನೀರಿನ ಲೆಕ್ಕ, ಉಪ್ಪುನೀರಿನದಲ್ಲ. ಎಸಿ ರೂಮಿನಿಂದ ಹೊರಗೆ ತಂದ ಕೂಡಲೇ ಲೆನ್ಸ್ ಮೇಲೆ ಮಂಜು ಕೂರುತ್ತದೆ. ಬ್ಯಾಗಿನ ಜಿಪ್ ಹಾಕಿಯೇ ಅರ್ಧ ಗಂಟೆ ಹೊರಗಿಡಿ, ಆಮೇಲೆ ತೆಗೆಯಿರಿ. ನಾನಂತೂ ಎಸಿ ಇಲ್ಲದ ಲಾಡ್ಜ್ ನೋಡುತ್ತೇನೆ, ದುಡ್ಡೂ ಉಳಿಯುತ್ತದೆ.

ನೀರಿನ ಹತ್ತಿರ ಎಲ್ಲಿ ನಿಲ್ಲಬೇಕು? ಮರಳು ಒದ್ದೆಯಾಗಿರುವ ಗೆರೆ ನೋಡಿ, ಅದಕ್ಕಿಂತ ಸಾಕಷ್ಟು ಮೇಲೆ. ಹತ್ತು ನಿಮಿಷ ಸುಮ್ನೆ ನಿಂತು ಅಲೆ ನೋಡಿದ ಮೇಲೆಯೇ ಕ್ಯಾಮೆರಾ ತೆಗೆಯಿರಿ. ಎಲ್ಲ ಅಲೆಯೂ ಒಂದೇ ಎತ್ತರ ಅಲ್ಲ. ಕಡಲ್ಕೊರೆತ ತಡೆಯಲು ಹಾಕಿದ ಬಂಡೆಗಳ ಮೇಲೆ ಹತ್ತಲೇಬೇಡಿ, ಪಾಚಿ ಕಟ್ಟಿರುತ್ತದೆ, ಕೆಲವು ಅಲ್ಲಾಡುತ್ತವೆ. ಕೆಂಪು ಬಾವುಟ, ಬೀಚಿಗೆ ಕಟ್ಟಿದ ಬಲೆ ಬೇಲಿ ದಾಟಿ ಹೋದರೆ ನಿಮ್ಮನ್ನು ಎತ್ತಲು ಇಳಿಯಬೇಕಾದವರು ಇದೇ ಮೀನುಗಾರರು. ಮತ್ತೆ ಕಡಲಿಗೆ ಬೆನ್ನು ಹಾಕಿ ಊರಿನ ಕಡೆ ಫೋಟೋ ತೆಗೆಯುವಾಗ, ಜೊತೆಗೊಬ್ಬರು ಕಡಲು ನೋಡುತ್ತಾ ಇರಲಿ.

ಜನರ ಜೊತೆ ಮಾತು ಮೊದಲು. ಉಡುಪಿ ಕಡೆ ತುಳು, ಕುಂದಾಪುರ ಕಡೆ ಅವರದೇ ಕನ್ನಡ. ನಮ್ಮ ಮೈಸೂರು ಕನ್ನಡ ಕೇಳಿದ ಕೂಡಲೇ "ಮೈಸೂರಾ? ದಸರಾ ಊರು" ಅಂತ ನಗುತ್ತಾರೆ, ಬಾಗಿಲು ತೆರೆದ ಹಾಗೆ. ಒಣಮೀನು ಮಾರುವ ಅಕ್ಕನ ಮುಂದೆ ನಿಂತು ಫೋಟೋ ತೆಗೆಯುವ ಮುಂಚೆ ಮೀನು ಕೊಳ್ಳಿ. "ಅಕ್ಕ, ನೀವು ಕೆಲಸ ಮಾಡ್ತಾ ಇರಿ, ನಾನು ತೆಗೀತೀನಿ" ಅನ್ನಿ. ನಗಿ ಅಂತ ಹೇಳಬೇಡಿ. ಉಳ್ಳಾಲದಂಥ ಕಡೆ ಕಡಲ್ಕೊರೆತಕ್ಕೆ ಮನೆ ಬಿರುಕು ಬಿಟ್ಟಿದ್ದರೆ, ಸಾಮಾನು ಸಾಗಿಸುತ್ತಿದ್ದರೆ, ಮೊದಲು ಒಂದು ಕೈ ಹಚ್ಚಿ. ಅವರೇ "ತೆಗಿ" ಅಂದರೆ ತೆಗೆಯಿರಿ. ಅನ್ನದಿದ್ದರೆ ಆ ಫೋಟೋ ನಿಮ್ಮದಲ್ಲ.

ಆಷಾಢ ಮುಗಿದ ಮೇಲೆ ನಮಗೆ ಮದುವೆ ಶುರು, ಆದರೂ ನೂಲ ಹುಣ್ಣಿಮೆಗೆ (ಶ್ರಾವಣದ ಹುಣ್ಣಿಮೆ) ಒಂದು ದಿನ ಬಿಡಿಸಿಕೊಳ್ಳಿ. ಮಲ್ಪೆಯ ವಡಭಾಂಡೇಶ್ವರದಲ್ಲಿ ಸಮುದ್ರ ಪೂಜೆ ಸಾಮಾನ್ಯವಾಗಿ ಆ ಹೊತ್ತಿಗೆ ನಡೆಯುತ್ತದೆ. ಹಾಲು, ಹೂವು, ತೆಂಗಿನಕಾಯಿ ಕಡಲಿಗೆ ಅರ್ಪಿಸುತ್ತಾರೆ. ಜನ ಜಾಸ್ತಿ, ಬೇಗ ಹೋಗಿ ಪಕ್ಕದಲ್ಲಿ ಜಾಗ ಹಿಡಿಯಿರಿ. ಪೂಜೆ ಮಾಡುವವರಿಗೂ ಕಡಲಿಗೂ ನಡುವೆ ನುಗ್ಗಬೇಡಿ.

ಪ್ರತಿ ಸಂಜೆ ಸಿಹಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕ್ಯಾಮೆರಾ, ಟ್ರೈಪಾಡ್ ಕಾಲು ಒರೆಸಿ, ಒಣಬಟ್ಟೆಯಿಂದ ಮತ್ತೊಮ್ಮೆ. ಮೈಸೂರಿಗೆ ಬಂದ ಮೇಲೆ ಲೆನ್ಸ್‌ಗಳನ್ನು ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿಡಿ, ಇಲ್ಲವಾದರೆ ಫಂಗಸ್ ಹಿಡಿಯುತ್ತದೆ. ಫೋಟೋ ಕೊಡುತ್ತೇನೆ ಅಂತ ಹೇಳಿದವರ ವಿಳಾಸವನ್ನು ಅಲ್ಲೇ ಬರೆದುಕೊಂಡಿರಬೇಕು. ವಾಟ್ಸಾಪ್‌ನಲ್ಲಿ ಕಳಿಸಿದ್ದು ಸಾಲದು, ಪ್ರಿಂಟ್ ಹಾಕಿಸಿ. ಕರಾವಳಿಯ ತೇವಕ್ಕೆ ಪ್ರಿಂಟ್ ಬೇಗ ಹಾಳಾಗುತ್ತದೆ, ಲ್ಯಾಮಿನೇಟ್ ಮಾಡಿಸಿ ಪೋಸ್ಟ್ ಮಾಡಿ. ಮುಂದಿನ ಆಷಾಢಕ್ಕೆ ಅದೇ ಊರಿಗೆ ಹೋಗುವವರಿದ್ದರೆ ಪೋಸ್ಟ್ ಖರ್ಚೂ ಬೇಡ, ಕೈಯಲ್ಲೇ ಕೊಡಬಹುದು.