ಹೊಸದಾಗಿ ಸರಕಾರಿ ಕೆಲ್ಸಕ್ಕೆ ಸೇರಿದವ್ರೇ, ಇಲಾಖಾ ಪರೀಕ್ಷೆ ಮುಂದೆ ಹಾಕ್ಬೇಡಿ

ಕಾಸರಗೋಡು, ಮಂಜೇಶ್ವರ ಕಡೆಯ ನಮ್ಮ ಮಕ್ಕಳು ಈಗ ಎಲ್‌ಡಿ ಕ್ಲರ್ಕ್ (ಲೋವರ್ ಡಿವಿಷನ್ ಗುಮಾಸ್ತ) ಆಗಿ ಸೇರ್ತಿರೋದು ನೋಡಿದ್ರೆ ನಿಜವಾಗ್ಲೂ ಖುಷಿ ಆಗ್ತದೆ. ಆದ್ರೆ ಕೆಲ್ಸ ಸಿಕ್ತಲ್ಲ, ಇನ್ನೇನು ಅಂತ ಕೂತ್ಕೊಂಡ್ರೆ ಆಗ್ಲಿಕ್ಕಿಲ್ಲ. ಪ್ರಮೋಷನ್‌ಗೆ ಬೇಕಾದ ಇಲಾಖಾ ಪರೀಕ್ಷೆಯನ್ನ ಕೇರಳ ಪಿಎಸ್‌ಸಿ (ಲೋಕಸೇವಾ ಆಯೋಗ) ವರ್ಷಕ್ಕೆ ಎರಡು ಸಲ ಮಾಡ್ತದೆ, ಅರ್ಜಿ ಅವ್ರ ವೆಬ್‌ಸೈಟಲ್ಲೇ. ಅಕೌಂಟ್ ಟೆಸ್ಟ್ ಲೋವರ್ (ಸರಕಾರಿ ಲೆಕ್ಕಪತ್ರದ್ದು), ಮ್ಯಾನುವಲ್ ಆಫ್ ಆಫೀಸ್ ಪ್ರೊಸೀಜರ್ (ಆಫೀಸ್ ಕೆಲ್ಸದ ಕ್ರಮದ್ದು) ಇವೆರಡನ್ನ ಮೊದ್ಲ ವರ್ಷವೇ ಬರೀರಿ, ಆಮೇಲೆ ಮದುವೆ ಮಕ್ಕಳು ಟ್ರಾನ್ಸ್‌ಫರ್ ಅಂತ ಓದ್ಲಿಕ್ಕೆ ಟೈಮೇ ಸಿಗುದಿಲ್ಲ, ಪ್ರಮೋಷನ್ ಲಿಸ್ಟ್ ಬರುವಾಗ ಜೂನಿಯರ್ ಮುಂದೆ ಹೋಗ್ತಾರೆ.

ಶಾಲೆಯಲ್ಲಿ ಪೂರ್ತಿ ಕನ್ನಡ ಮೀಡಿಯಂ ಓದಿದವ್ರಿಗೆ ಮಲಯಾಳಂ ಪರೀಕ್ಷೆಯೂ ಇದೆ, ಅದ್ಕೆ ಹೆದರ್ಬೇಡಿ. ಬಾಯಲ್ಲಿ ಮಾತಾಡ್ಲಿಕ್ಕೆ ನಮ್ಗೆ ಬರ್ತದೆ, ಕಷ್ಟ ಆಗುದು ಬರವಣಿಗೆ. ಅದ್ಕೆ ಒಂದು ಉಪಾಯ: ವಿಲೇವಾರಿ ಆದ ಒಂದು ಹಳೇ ಮಲಯಾಳಂ ಫೈಲ್ ತೆಗೆದು ನೋಟ್ ಪುಟ (ಆಫೀಸಿನವ್ರು ಟಿಪ್ಪಣಿ ಬರೆಯುವ ಹಾಳೆ) ಮೊದಲಿಂದ ಓದಿ. ಕ್ಲರ್ಕ್ ಏನು ಬರ್ದ, ಸೂಪರಿಂಟೆಂಡೆಂಟ್ ಎಲ್ಲಿ ತಿದ್ದಿದ್ರು, ಯಾವ ರೂಲ್ ಹಿಡಿದು ಆರ್ಡರ್ ಆಯ್ತು ಅಂತ ನೋಡ್ತಾ ಹೋದ್ರೆ ಭಾಷೆ, ರೂಲ್ ಎರಡೂ ಒಟ್ಟಿಗೇ ಬರ್ತದೆ, ಯಾವ ಗೈಡಿಗಿಂತಲೂ ಒಳ್ಳೇದು.

ಸೀನಿಯರ್‌ಗಳಲ್ಲಿ ಕೈಮುಗಿದು ಕೇಳ್ತೇನೆ, ಹೊಸ ಹುಡುಗ ಹುಡುಗಿಯರನ್ನ ಬಂದ ಕಾಗದಪತ್ರ ನೋಡ್ಕೊಳ್ಳುವ ಟಪಾಲ್ ಸೀಟಲ್ಲೇ ವರ್ಷಗಟ್ಟಲೆ ಕೂರಿಸ್ಬೇಡಿ. ಒಂದು ಬಿಲ್ಲು, ಒಂದು ಇನ್‌ಕ್ರಿಮೆಂಟ್ ಫೈಲ್ ಅವ್ರ ಕೈಯಲ್ಲೇ ಮಾಡ್ಸಿ, ತಪ್ಪಾದ್ರೆ ಪಕ್ಕದಲ್ಲಿ ಕೂತು ತಿದ್ದಿ.

ಮತ್ತೆ, ಪಾಸಾದ ಕೂಡ್ಲೇ ಸರ್ವಿಸ್ ಬುಕ್ಕಲ್ಲಿ (ನಿಮ್ಮ ನೌಕರಿಯ ದಾಖಲೆ) ಎಂಟ್ರಿ ಮಾಡಿಸ್ಕೊಳ್ಳಿ.